ಹೋಗುವ ಹಕ್ಕಿಯ ಲೆಕ್ಕ: ಹಾಸನ, ಚಿಕ್ಕಮಗಳೂರಿನ ವಸಂತ ವಲಸೆ ಟಿಪ್ಪಣಿ

ನಮ್ಮ ಕಡೆ ಹೊಸದಾಗಿ ಹಕ್ಕಿ ನೋಡಲು ಶುರು ಮಾಡಿದವರಿಗಾಗಿ ಈ ಟಿಪ್ಪಣಿ. ದುರ್ಬೀನು ಕೊಂಡಾಗಿದೆ, ಮನೆ ಸುತ್ತಲಿನ ಹಕ್ಕಿಗಳ ಗುರುತು ಸಿಕ್ಕಿದೆ, ಇನ್ನು ವಲಸೆ ಬಗ್ಗೆ ಸ್ವಲ್ಪ ತಿಳಿಯಬೇಕು ಅನ್ನುವವರು ಓದಿಕೊಳ್ಳಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಯುರೋಪು, ಅಮೆರಿಕದ ಪುಸ್ತಕಗಳಲ್ಲಿ ವಸಂತ ಅಂದರೆ ಹಕ್ಕಿ ಬರುವ ಕಾಲ. ಅಲ್ಲಿಯವರು ಮೊದಲ ಕವಲುತೋಕೆ ಕಂಡ ದಿನವನ್ನು ಸಂಭ್ರಮದಿಂದ ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ತಿರುವುಮುರುವು. ಇಲ್ಲಿಗೆ ಹಕ್ಕಿ ಬರುವುದು ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ. ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ತೋಟವೆಲ್ಲ ಬೆಳ್ಳಗಾಗುವ ಹೊತ್ತಿಗೆ ಅವು ಗಂಟು ಕಟ್ಟುತ್ತಿರುತ್ತವೆ. ಭರಣಿ ಮಳೆ ಹೊತ್ತಿಗೆ ಹೆಚ್ಚಿನವು ಹೋಗಿಯೇ ಆಗಿರುತ್ತದೆ.

ಬರುವ ಹಕ್ಕಿಯ ಲೆಕ್ಕ ಸುಲಭ. ನಿನ್ನೆ ಇರಲಿಲ್ಲ, ಇವತ್ತು ಇದೆ, ಬರೆದುಕೊಂಡರೆ ಮುಗಿಯಿತು. ಹೋಗುವ ಹಕ್ಕಿ ಹೇಳಿ ಹೋಗುವುದಿಲ್ಲ. ಕೊನೆಯ ಸಲ ಅದನ್ನು ನೋಡುತ್ತಿರುವಾಗ ಅದೇ ಕೊನೆಯ ಸಲ ಅಂತ ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ವಸಂತ ವಲಸೆಯನ್ನು ದಾಖಲಿಸುವ ರೀತಿಯೇ ಬೇರೆ. ಅದನ್ನು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಯಾರು ಹೊರಡುತ್ತಾರೆ, ಎಲ್ಲಿಂದ

ನಮ್ಮ ಎರಡು ಜಿಲ್ಲೆಗಳಿಗೆ ಒಂದು ಅನುಕೂಲ ಇದೆ. ಪಶ್ಚಿಮಕ್ಕೆ ಸಕಲೇಶಪುರ, ಮೂಡಿಗೆರೆ, ಮುತ್ತೋಡಿಯ ಹಸಿ ಕಾಡು ಮತ್ತು ತೋಟ. ಪೂರ್ವಕ್ಕೆ ಅರಸೀಕೆರೆ, ಕಡೂರಿನ ಒಣ ಬಯಲು. ನಡುವೆ ಕೆರೆಗಳು, ಅಣೆಕಟ್ಟಿನ ಹಿನ್ನೀರು. ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ನೋಡಿ ಬರಬಹುದು. ಮೂರು ಕಡೆಯ ಹಕ್ಕಿಗಳೂ ಬೇರೆ, ಅವು ಹೊರಡುವ ಕಾಲವೂ ಬೇರೆ.

ಮೊದಲು ಖಾಲಿಯಾಗುವುದು ಕೆರೆಯ ಬಾತುಗಳು. ಅಯ್ಯನಕೆರೆ, ಮದಗದ ಕೆರೆಯಂಥ ಕಡೆ ಚಳಿಗಾಲದಲ್ಲಿ ಕಾಣುವ ಸೂಜಿಬಾಲದ ಬಾತು, ಸಲಿಕೆ ಕೊಕ್ಕಿನ ಬಾತುಗಳು ಮಾರ್ಚ್‌ನಲ್ಲಿ ಬೇಗ ಬೇಗ ಕಡಿಮೆಯಾಗುತ್ತವೆ. ಅವು ಮರಿ ಮಾಡುವುದು ಉತ್ತರ ಏಷ್ಯಾದಲ್ಲಿ. ಪಟ್ಟೆತಲೆ ಹೆಬ್ಬಾತು ನೋಡಬೇಕು ಅನ್ನುವವರಿಗೆ ಗದಗ ಜಿಲ್ಲೆಯ ಮಾಗಡಿ ಕೆರೆಯೇ ಸರಿ. ಹಿಮಾಲಯ ದಾಟುವಾಗ ಆ ಹಕ್ಕಿ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ.

ಬಾತು ಹೋದ ಮೇಲೆ ಕೆರೆ ಕಡೆ ತಲೆ ಹಾಕದವರೇ ಜಾಸ್ತಿ. ನನ್ನ ಪ್ರಕಾರ ನಿಜವಾದ ಮಜಾ ಆಮೇಲೆ ಶುರು. ನೀರು ಇಳಿದ ಹಾಗೆ ಕೆಸರು ತೆರೆದುಕೊಳ್ಳುತ್ತದೆ. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಏಪ್ರಿಲ್‌ನಲ್ಲಿ ಹೋಗಿ ನೋಡಿ. ಶೆಟ್ಟಿಹಳ್ಳಿಯ ಹಳೇ ಚರ್ಚಿನ ಬುಡ ಕಾಣುವಷ್ಟು ನೀರು ಇಳಿದಾಗ ಸುತ್ತಲಿನ ಅಂಚಿನಲ್ಲಿ ಗದ್ದೆಗೊರವಗಳು ಕೊಕ್ಕು ಊರಿ ಓಡಾಡುತ್ತವೆ. ಇವುಗಳಲ್ಲಿ ಕೆಲವು ಇಲ್ಲೇ ಚಳಿಗಾಲ ಕಳೆದವು, ಇನ್ನು ಕೆಲವು ಇನ್ನೂ ದಕ್ಷಿಣದಿಂದ ಬಂದು ದಾರಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತಿರುವವು. ಅದಕ್ಕೇ ಏಪ್ರಿಲ್‌ನಲ್ಲಿ ಒಂದೊಂದು ಸಲ ಸಂಖ್ಯೆ ಕಡಿಮೆಯಾಗುವ ಬದಲು ಏರುತ್ತದೆ. ಏರಿದ್ದನ್ನು ತಪ್ಪು ಎಂದು ಹೊಡೆದುಹಾಕಬೇಡಿ.

ಬಯಲು ಸೀಮೆಯಲ್ಲಿ ಗಮನಿಸಬೇಕಾದವರು ಇಬ್ಬರು. ಒಂದು ಹ್ಯಾರಿಯರ್ ಗಿಡುಗಗಳು. ಕಡೂರು ಸುತ್ತಲಿನ ಹುಲ್ಲುಗಾವಲಿನಂಥ ತೆರೆದ ಜಾಗ ಇವಕ್ಕೆ ಬೇಕು. ರಾತ್ರಿ ಮಲಗುವುದು ಮರದ ಮೇಲಲ್ಲ, ನೆಲದ ಮೇಲೆ, ಹುಲ್ಲಿನ ನಡುವೆ. ಮಿಡತೆ ಇವುಗಳ ಮುಖ್ಯ ಊಟಗಳಲ್ಲಿ ಒಂದು. ಮಾರ್ಚ್, ಏಪ್ರಿಲ್‌ನಲ್ಲಿ ಹೊರಟು ಕಝಾಕಿಸ್ತಾನದ ಕಡೆಯ ಹುಲ್ಲು ಬಯಲಿಗೆ ಹೋಗುತ್ತವೆ. ಇಲ್ಲೂ ಹುಲ್ಲು, ಅಲ್ಲೂ ಹುಲ್ಲು. ನಮ್ಮ ಕಾವಲುಗಳನ್ನು, ಅಂದರೆ ದನ ಮೇಯುವ ಹುಲ್ಲುಗಾವಲುಗಳನ್ನು, ಪಾಳು ಜಾಗ ಎಂದು ಉತ್ತು ಗಿಡ ನೆಟ್ಟರೆ ಇವಕ್ಕೆ ಚಳಿಗಾಲದ ಮನೆ ಹೋಗುತ್ತದೆ.

ಇನ್ನೊಂದು ಗುಲಾಬಿ ಕಬ್ಬಕ್ಕಿ. ಮುತ್ತುಗ, ಬೂರುಗ ಹೂ ಬಿಟ್ಟಾಗ ಮಕರಂದಕ್ಕೆ ಮುತ್ತಿಗೆ ಹಾಕುತ್ತವೆ, ಆಮೇಲೆ ಆಲ, ಬಸರಿ ಹಣ್ಣಿಗೆ. ಇದರಲ್ಲಿ ಒಂದು ಸೊಗಸಿದೆ. ಚಳಿಗಾಲದಲ್ಲಿ ಮಾಸಲಾಗಿದ್ದ ಹಕ್ಕಿ ವಸಂತದಲ್ಲಿ ಹೊಳೆಯುವ ಗುಲಾಬಿ ಆಗುತ್ತದೆ. ಅದಕ್ಕಾಗಿ ಹೊಸ ಗರಿ ಬೆಳೆಯಬೇಕಿಲ್ಲ. ಹಳೇ ಗರಿಯ ಮಂಕು ಅಂಚು ಸವೆದು ಒಳಗಿನ ಬಣ್ಣ ಹೊರಗೆ ಕಾಣುತ್ತದೆ, ಅಷ್ಟೇ.

ತೋಟ ಮತ್ತು ಕಾಡಿನ ಹಕ್ಕಿಗಳು ತಡ. ಹಸಿರು ಉಲಿಯಕ್ಕಿ, ಬೂದು ಸಿಪಿಲೆ, ಕಾಡು ಸಿಪಿಲೆ, ಕಂದು ಕಳಿಂಗ, ಕಂದು ನೊಣಹಿಡುಕ, ನವರಂಗ, ಹೊನ್ನಕ್ಕಿ. ಬೆರಳುದ್ದದ ಉಲಿಯಕ್ಕಿ ಹಾಲುವಾಣ, ಅತ್ತಿ, ಸಿಲ್ವರ್ ಓಕ್ ತುದಿಯಲ್ಲಿ ‘ಚಿಸ್‌ವಿ’ ಎಂದು ಚಳಿಗಾಲ ಇಡೀ ಕೂಗುತ್ತಲೇ ಇರುತ್ತದೆ. ಕಣ್ಣಿಗೆ ಬೀಳುವುದು ಅಪರೂಪ, ಕಿವಿಗೆ ಬೀಳದ ದಿನವಿಲ್ಲ. ಏಪ್ರಿಲ್‌ನಲ್ಲಿ ಒಂದು ದಿನ ಆ ಕೂಗು ನಿಲ್ಲುತ್ತದೆ. ಯಾವ ದಿನ ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ಹೊರಡುವ ಹೊತ್ತು ಹಕ್ಕಿಗೆ ಹೇಗೆ ಗೊತ್ತು

ಸೆಕೆ ತಡೆಯಲಾರದೆ ಹೋಗುತ್ತವೆ ಎಂದು ಅನೇಕರು ಅಂದುಕೊಂಡಿದ್ದಾರೆ. ಅದು ಅರ್ಧ ಸತ್ಯವೂ ಅಲ್ಲ. ಉತ್ತರದಲ್ಲಿ ಬೇಸಿಗೆ ಶುರುವಾದರೆ ಹುಳಹುಪ್ಪಟೆ ರಾಶಿ ರಾಶಿ, ಹಗಲು ಉದ್ದ, ಮರಿಗೆ ಉಣಿಸಲು ಜಾಸ್ತಿ ಹೊತ್ತು ಸಿಗುತ್ತದೆ. ಹೋಗುವುದು ಅದಕ್ಕೆ.

ಆದರೆ ಇಲ್ಲಿ ಕೂತ ಹಕ್ಕಿಗೆ ಅಲ್ಲಿನ ಸುದ್ದಿ ತಲುಪುವುದು ಹೇಗೆ? ಮುಖ್ಯ ಸೂಚನೆ ಹಗಲಿನ ಉದ್ದ. ನಮ್ಮ ಹಾಸನದಲ್ಲಿ ಡಿಸೆಂಬರ್‌ನ ಅತಿ ಚಿಕ್ಕ ಹಗಲಿಗೂ ಜೂನ್‌ನ ಅತಿ ಉದ್ದದ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಇಷ್ಟು ಸಣ್ಣ ವ್ಯತ್ಯಾಸವೊಂದನ್ನೇ ನಂಬಿದರೆ ಸಾಲದು. ಹಕ್ಕಿಯ ಮೈಯೊಳಗೇ ಒಂದು ವಾರ್ಷಿಕ ಗಡಿಯಾರ ಇದೆ. ಜರ್ಮನಿಯ ವಿಜ್ಞಾನಿ ಎಬರ್‌ಹಾರ್ಡ್ ಗ್ವಿನ್ನರ್ ಉಲಿಯಕ್ಕಿಗಳನ್ನು ಹಗಲು ರಾತ್ರಿಯ ಉದ್ದ ಬದಲಾಗದಂತೆ ಕೋಣೆಯಲ್ಲಿಟ್ಟು ನೋಡಿದರು. ಹೊರಗಿನ ಸೂಚನೆ ಏನೂ ಇಲ್ಲದಿದ್ದರೂ ವಲಸೆ ಕಾಲ ಬಂದಾಗ ಅವು ರಾತ್ರಿಯೆಲ್ಲ ಪಂಜರದಲ್ಲಿ ಚಡಪಡಿಸಿದವು. ಒಳಗಿನ ಗಡಿಯಾರ ಸರಿಯಾಗಿ ಹನ್ನೆರಡು ತಿಂಗಳಿಗೆ ಓಡುವುದಿಲ್ಲ. ಹಗಲಿನ ಉದ್ದ ಅದನ್ನು ಪ್ರತಿವರ್ಷ ಸರಿ ಹೊಂದಿಸುತ್ತದೆ.

ಹೊರಡುವ ಮುಂಚೆ ಸಿಕ್ಕಾಪಟ್ಟೆ ತಿನ್ನುತ್ತವೆ. ಒಂದು ಗ್ರಾಂ ಕೊಬ್ಬಿನಲ್ಲಿ ಪಿಷ್ಟಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಇದೆ. ಕಡಿಮೆ ಭಾರದಲ್ಲಿ ಜಾಸ್ತಿ ದೂರ. ಮಾರ್ಚ್ ಕೊನೆಯಲ್ಲಿ ಒಂದೇ ಮರದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಮೇಯುವ ಹಕ್ಕಿ ಕಂಡರೆ ‘ತುಂಬಾ ಮೇಯುತ್ತಿತ್ತು’ ಎಂದು ಬರೆಯಿರಿ. ಅದೂ ಮಾಹಿತಿಯೇ.

ಸಣ್ಣ ಹಕ್ಕಿಗಳು ಬಹುತೇಕ ರಾತ್ರಿ ಹಾರುತ್ತವೆ. ಗಾಳಿ ತಂಪು, ಶಾಂತ, ಗಿಡುಗಗಳ ಕಾಟವಿಲ್ಲ, ಹಗಲು ಊಟಕ್ಕೆ ಉಳಿಯುತ್ತದೆ. ದಾರಿಗೆ ನಕ್ಷತ್ರ, ಭೂಮಿಯ ಕಾಂತಕ್ಷೇತ್ರ, ಮುಳುಗುವ ಸೂರ್ಯನ ಬೆಳಕು. ಗಿಡುಗಗಳದ್ದು ಬೇರೆ ಲೆಕ್ಕ. ಅವಕ್ಕೆ ಬಿಸಿಲು ಏರಿ ಬಿಸಿಗಾಳಿ ಮೇಲೇಳಬೇಕು. ಆ ಗಾಳಿಯಲ್ಲಿ ಸುತ್ತುತ್ತ ಮೇಲೇರಿ, ರೆಕ್ಕೆ ಬಡಿಯದೆ ಜಾರಿ ಹೋಗುತ್ತವೆ. ಮುಳ್ಳಯ್ಯನಗಿರಿಯ ಅಂಚಿನಲ್ಲಿ ಗಿಡುಗ ನೋಡಬೇಕಾದರೆ ಸೂರ್ಯೋದಯಕ್ಕೇ ಹೋಗಿ ಚಳಿಯಲ್ಲಿ ನಡುಗಬೇಕಿಲ್ಲ. ತಿಂಡಿ ತಿಂದುಕೊಂಡೇ ಹೋಗಬಹುದು.

ಏಮಾರುವ ಜಾಗಗಳು

ಕೋಗಿಲೆ ಮೊದಲನೆಯದು. ಯುಗಾದಿ ಹೊತ್ತಿಗೆ ‘ಕೋಗಿಲೆ ಬಂತು’ ಅನ್ನುತ್ತೇವೆ. ಅದು ಎಲ್ಲೂ ಹೋಗಿರಲಿಲ್ಲ. ಚಳಿಗಾಲವಿಡೀ ಬಾಯಿ ಮುಚ್ಚಿಕೊಂಡು ಇಲ್ಲೇ ಹಣ್ಣು ತಿಂದುಕೊಂಡಿತ್ತು. ಕುಟ್ರು ಹಕ್ಕಿಯದೂ ಅದೇ ಕಥೆ. ಕೂಗು ಶುರುವಾದದ್ದನ್ನು ಬರೆಯಿರಿ, ಬಂತು ಎಂದು ಬರೆಯಬೇಡಿ.

ಇದಕ್ಕೆ ಉಲ್ಟಾ ಕೂಡ ಇದೆ. ಹೊನ್ನಕ್ಕಿ ಸುಮ್ಮನಾದರೆ ಹೋಯಿತು ಅಂದುಕೊಳ್ಳುತ್ತೇವೆ. ಎಲೆ ಮರೆಯಲ್ಲಿ ಸುಮ್ನೆ ಕೂತಿರಬಹುದು ಅಲ್ವಾ? ಅದಕ್ಕೆ ಒಂದು ಸಲ ಕಾಣಲಿಲ್ಲ ಎಂದ ಮಾತ್ರಕ್ಕೆ ತೀರ್ಮಾನ ಬೇಡ.

ಸಿಪಿಲೆಗಳಲ್ಲಿ ಜಾಗ್ರತೆ. ಬಿಳಿಹುಬ್ಬಿನ ಕಪ್ಪು ಬಿಳುಪಿನ ಸಿಪಿಲೆ ವರ್ಷವಿಡೀ ನಮ್ಮ ಕೆರೆ ಏರಿಯ ಮೇಲೆಯೇ ಇರುವಂಥದ್ದು. ಬೂದು ಸಿಪಿಲೆ ವಲಸೆಯದ್ದು. ತೋಡಿನ ಬದಿ, ತೋಟದ ರಸ್ತೆಯಲ್ಲಿ ಬಾಲ ಕುಣಿಸುತ್ತ ಓಡುತ್ತದೆ. ಹೊರಡುವ ಹೊತ್ತಿಗೆ ಗಂಡಿನ ಗಂಟಲು ಕಪ್ಪಾಗುತ್ತದೆ. ಹಳದಿ ಸಿಪಿಲೆಗಳಲ್ಲಿ ಚಳಿಗಾಲವೆಲ್ಲ ತಲೆ ಕೆಡಿಸಿಕೊಂಡರೂ ಉಪಜಾತಿ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಗಂಡುಗಳ ತಲೆ ಬಣ್ಣ ತುಂಬಿಕೊಂಡಾಗ ಸುಲಭವಾಗುತ್ತದೆ. ಅವು ಹೋಗುವ ಮುಂಚಿನ ಆ ಕೆಲವೇ ವಾರಗಳನ್ನು ತಪ್ಪಿಸಿಕೊಳ್ಳಬೇಡಿ.

ಕವಲುತೋಕೆಯಲ್ಲೂ ಎರಡು ಬಗೆ. ತಂತಿ ಮೇಲೆ ಸಾಲಾಗಿ ಕೂರುವ ವಲಸೆಯದ್ದಕ್ಕೆ ಎದೆಗೆ ಅಡ್ಡಲಾಗಿ ಕಡುನೀಲಿ ಪಟ್ಟಿ, ಉದ್ದ ಬಾಲ. ಬೆಟ್ಟದ ಊರುಗಳಲ್ಲಿ ಮನೆ ಸೂರಿನಡಿ ಗೂಡು ಕಟ್ಟುವ ಕವಲುತೋಕೆಗೆ ಆ ಪಟ್ಟಿ ಇಲ್ಲ, ಬಾಲ ಗಿಡ್ಡ. ಮೇ ತಿಂಗಳಲ್ಲಿ ಗೂಡಿಗೆ ಕೆಸರು ಹೊರುತ್ತಿದ್ದರೆ ಅದು ಊರಿನದೇ.

ನೀಲಿಬಾಲದ ಕಳ್ಳಿಪೀರ ನಮ್ಮನ್ನು ಇನ್ನೊಂದು ರೀತಿ ಸುಸ್ತು ಮಾಡುತ್ತದೆ. ನಮ್ಮ ಕೆರೆಯಿಂದ ಕಾಣೆಯಾದರೆ ಉತ್ತರಕ್ಕೆ ಹೋಯಿತು ಎಂದೇ ಅಲ್ಲ. ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿಯಲ್ಲಿ ಕಾವೇರಿ ದಡದ ಮಣ್ಣಿನಲ್ಲಿ ಬಿಲ ತೋಡಿ ಇವು ಗುಂಪಾಗಿ ಮರಿ ಮಾಡುತ್ತವೆ. ಕಾಣೆಯಾದದ್ದಷ್ಟೇ ನಮಗೆ ಗೊತ್ತು, ಎಲ್ಲಿಗೆ ಹೋಯಿತು ಎಂಬುದನ್ನು ಊಹಿಸಿ ಬರೆಯುವುದು ಬೇಡ.

ಚಾತಕವೂ ಹಾಗೆ. ಮುಂಗಾರಿನ ಜೊತೆ ಆಫ್ರಿಕಾದಿಂದ ಬರುತ್ತದೆ ಎಂಬುದು ಉತ್ತರ ಮತ್ತು ಮಧ್ಯ ಭಾರತದ ಮಟ್ಟಿಗೆ ಸರಿ. ದಕ್ಷಿಣದಲ್ಲಿ ಇಲ್ಲೇ ಇರುವ ಚಾತಕಗಳೂ ಇವೆ. ಅರಸೀಕೆರೆಯಲ್ಲಿ ಮೇ ತಿಂಗಳಲ್ಲಿ ಕಂಡ ಚಾತಕ ಸಮುದ್ರ ದಾಟಿಯೇ ಬಂದಿರಬೇಕೆಂದಿಲ್ಲ.

ಬರೆಯುವ ಕ್ರಮ

ಮಲೆನಾಡಿನ ತೋಟದ ಮನೆಗಳಲ್ಲಿ ಮಳೆ ಪುಸ್ತಕ ನೋಡಿರುತ್ತೀರಿ. ಬೆಳಿಗ್ಗೆ ಅಳತೆ ನೋಡಿ ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆಯುತ್ತಾರೆ. ಮಳೆ ಬಾರದ ದಿನಕ್ಕೆ ಸೊನ್ನೆ. ಆ ಸೊನ್ನೆ ಇಲ್ಲದಿದ್ದರೆ ಮಳೆ ಬರಲಿಲ್ಲವೋ, ಅಳೆಯುವವನೇ ಬರಲಿಲ್ಲವೋ ತಿಳಿಯದು. ಹಕ್ಕಿ ಲೆಕ್ಕಕ್ಕೂ ಇದೇ ಸೊನ್ನೆ ಬೇಕು.

ಒಂದು ಉದಾಹರಣೆ ಮಾಡಿ ನೋಡೋಣ. ಇಬ್ಬರಿದ್ದಾರೆ ಎಂದುಕೊಳ್ಳಿ. ಒಬ್ಬರು ಏಪ್ರಿಲ್ 12ಕ್ಕೆ ನವರಂಗದ ಚೆಂದದ ಫೋಟೊ ಹಾಕಿ ಸುಮ್ಮನಾದರು. ಇನ್ನೊಬ್ಬರು ಪ್ರತಿ ಭಾನುವಾರ ಬೆಳಿಗ್ಗೆ ತೋಟದ ಅದೇ ದಾರಿಯಲ್ಲಿ ಒಂದು ಗಂಟೆ ನಡೆದು ಬರೆದರು: 6ಕ್ಕೆ ಎರಡು, 13ಕ್ಕೆ ಒಂದು, 20ಕ್ಕೆ ಇಲ್ಲ, 27ಕ್ಕೆ ಇಲ್ಲ. ಮೊದಲನೆಯವರಿಂದ ತಿಳಿಯುವುದು 12ಕ್ಕೆ ಹಕ್ಕಿ ಇತ್ತು ಅನ್ನುವುದಷ್ಟೆ. ಎರಡನೆಯವರಿಂದ, ಆ ದಾರಿಯ ನವರಂಗ ಹೆಚ್ಚುಕಡಿಮೆ 13 ಮತ್ತು 20ರ ನಡುವೆ ಹೊರಟಿತು ಎಂದು ಹೇಳಬಹುದು. ಫೋಟೊ ಒಂದೂ ಇಲ್ಲದಿದ್ದರೂ ಪರವಾಗಿಲ್ಲ.

ಇಂಥ ನಾಲ್ಕು ಪುಸ್ತಕ ಪಕ್ಕಪಕ್ಕ ಇಟ್ಟರೆ ಇನ್ನೂ ಚೆನ್ನ. ಮೂಡಿಗೆರೆಯಲ್ಲಿ ಇಲ್ಲ, ಬೇಲೂರಿನಲ್ಲಿ ಇಲ್ಲ, ಹಾಸನದ ಒಂದು ಪಾರ್ಕಿನಲ್ಲಿ ಮಾತ್ರ ಇದೆ ಎಂದರೆ ಆ ಒಂದು ದಾರಿಹೋಕ ಹಕ್ಕಿಯಾಗಿರಬಹುದು. ಅಪರೂಪದ ನೊಣಹಿಡುಕ ಸಿಕ್ಕಿತು ಅಂದರೆ ಎಲ್ಲರೂ ಕಾರು ಹತ್ತುತ್ತಾರೆ. ‘ಇವತ್ತು ಹಸಿರು ಉಲಿಯಕ್ಕಿ ಕೇಳಲಿಲ್ಲ’ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ನನಗೇನೋ ಎರಡನೆಯದೇ ದೊಡ್ಡ ಸುದ್ದಿ.

ಇದು ನಮ್ಮ ಹೊಸ ಕಂಡುಹಿಡಿತ ಅಲ್ಲ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ 2007ರಲ್ಲಿ ಶುರು ಮಾಡಿದ ಮೈಗ್ರಂಟ್‌ವಾಚ್ ಎಂಬ ಯೋಜನೆ ಜನರಿಂದ ಇದೇ ಕೇಳುತ್ತಿತ್ತು: ವಲಸೆ ಹಕ್ಕಿ ಮೊದಲು ಕಂಡದ್ದು ಯಾವಾಗ, ಕೊನೆಗೆ ಕಂಡದ್ದು ಯಾವಾಗ. ಈಗ ಆ ಕೆಲಸಕ್ಕೆ ಇ-ಬರ್ಡ್ ಇದೆ, ನಾವು ಕಂಡ ಹಕ್ಕಿಗಳ ಪಟ್ಟಿ ಸೇರಿಸುವ ಜಾಲತಾಣ. ಅದರಲ್ಲಿ ಪಟ್ಟಿ ಸೇರಿಸುವಾಗ ‘ಗುರುತಿಸಿದ ಹಕ್ಕಿಗಳೆಲ್ಲ ಇಷ್ಟೇನಾ’ ಎಂದು ಕೇಳುತ್ತದೆ. ಎಲ್ಲವನ್ನೂ ಬರೆದು ಹೌದು ಅಂದರೆ ಪಟ್ಟಿಯಲ್ಲಿ ಇಲ್ಲದ ಹಕ್ಕಿ ಕೂಡ ಮಾಹಿತಿಯಾಗುತ್ತದೆ. ಬರೀ ಚೆಂದದ್ದನ್ನು ಆರಿಸಿ ಹಾಕಿದರೆ ಆ ಲಾಭ ಹೋಯಿತು. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ ಎಂಬುದನ್ನೂ ಬರೆಯಿರಿ. ಐದು ನಿಮಿಷದ ‘ಇಲ್ಲ’ಕ್ಕೂ ಒಂದು ಗಂಟೆಯ ‘ಇಲ್ಲ’ಕ್ಕೂ ತೂಕ ಬೇರೆ.

ಹಂಚಿಕೊಳ್ಳಬಾರದ್ದೂ ಇದೆ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಇದೇ ತಿಂಗಳುಗಳಲ್ಲಿ ರಿವರ್ ಟರ್ನ್ ಎಂಬ ನೀರಹಕ್ಕಿಗಳು ನೆಲದ ಮೇಲೆ ಮೊಟ್ಟೆ ಇಡುತ್ತವೆ. ದೋಣಿ ಹತ್ತಿರ ಹೋದರೆ ಹಕ್ಕಿ ಏಳುತ್ತದೆ, ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಯಾವ ಹಕ್ಕಿಯದೇ ಆಗಲಿ, ಗೂಡಿನ ನಿಖರ ಜಾಗ ಹಾಕಬೇಡಿ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದೂ ಬೇಡ. ಹೊರಡಲು ಕೊಬ್ಬು ಕೂಡಿಸುತ್ತಿರುವ ಹಕ್ಕಿಯ ಊಟ ಕೆಡಿಸಿದ ಹಾಗೆ.

ವಿಶ್ವ ವಲಸೆ ಹಕ್ಕಿಗಳ ದಿನ ವರ್ಷಕ್ಕೆ ಎರಡು ಸಲ, ಮೇ ಮತ್ತು ಅಕ್ಟೋಬರ್‌ನ ಎರಡನೇ ಶನಿವಾರ. ಮೇ ತಿಂಗಳಿನದಕ್ಕೆ ಊರಿನವರನ್ನು ಕರೆದುಕೊಂಡು ಹೋದರೆ ತೋರಿಸಲು ವಲಸೆ ಹಕ್ಕಿ ಹುಡುಕಬೇಕು. ಜನರನ್ನು ಕರೆಯಲು ಅಕ್ಟೋಬರ್ ಇಟ್ಟುಕೊಳ್ಳಿ, ಮೇ ದಿನ ಸೊನ್ನೆ ಬರೆಯಲು ಹೋಗಿ.

ಕೊನೆಗೆ ಜೂನ್ ವಿಷಯ. ಎಲ್ಲ ಹೋದ ಮೇಲೂ ಕೆರೆ ಅಂಚಿನಲ್ಲಿ ಒಂದೆರಡು ಗದ್ದೆಗೊರವ ಉಳಿದಿರಬಹುದು. ಮರಿ ಮಾಡುವ ವಯಸ್ಸಾಗದ ಕೆಲವು ಉತ್ತರಕ್ಕೆ ಹೋಗುವುದೇ ಇಲ್ಲ. ಕಂಡರೆ ಫೋಟೊ ಸಮೇತ ದಾಖಲಿಸಿ, ಗರಿ ಹಳೆಯದಾಗಿ ಸವೆದಿದೆಯೇ ನೋಡಿ. ಜುಲೈ ಕೊನೆ, ಆಗಸ್ಟ್ ಶುರುವಿನಲ್ಲಿ ಕಂಡದ್ದು ಮಾತ್ರ ಉಳಿದದ್ದೋ, ಮರಿ ಮಾಡುವ ಕೆಲಸ ಮುಗಿಸಿ ಬೇಗ ಮರಳಿದ್ದೋ ಹೇಳುವುದು ಕಷ್ಟ. ಅದನ್ನು ಬಿಡಿಸಲು ಜೂನ್ ಪೂರ್ತಿ ಅದೇ ಕೆರೆಗೆ ಹೋದವರ ಪುಸ್ತಕ ಬೇಕು.