ನಿಂದ್ರು, ಎತ್ತು, ಕೊಡು: ಎರೆಹೊಲದಲ್ಲಿ ಹಕ್ಕಿ ನಾಯಿಯ ಮೊದಲ ವರ್ಷ

ಹಕ್ಕಿ ನಾಯಿಯ ಮರಿಯನ್ನು ಮೊದಲ ಸಲ ಸಾಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಕ್ಕಿ ನಾಯಿ ಅಂದರೆ ಅಡಗಿದ ಹಕ್ಕಿಯ ವಾಸನೆ ಹಿಡಿದು ಅಲುಗದೆ ನಿಂತು ತೋರಿಸುವ, ಇಲ್ಲವೇ ಬಿದ್ದ ಹಕ್ಕಿಯನ್ನು ತಂದುಕೊಡುವ ತಳಿಯ ನಾಯಿ. ನಾನೂ ಇನ್ನೂ ಕಲಿಯುತ್ತಿದ್ದೇನೆ. ಸಿರುಗುಪ್ಪ ಕಡೆಯ ಎರೆಹೊಲಗಳಲ್ಲಿ ಮುತ್ತು ಎಂಬ ಪಾಯಿಂಟರ್ ಮರಿಯ ಜೊತೆ ಒಂದು ವರ್ಷ ಓಡಾಡಿದ್ದೇನೆ. ಆ ವರ್ಷ ಬರೆದಿಟ್ಟುಕೊಂಡಿದ್ದರಲ್ಲಿ ಉಪಯೋಗಕ್ಕೆ ಬರುವಷ್ಟನ್ನು ಬಿಡಿಸಿ ಹೇಳುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡಬೇಕು. ಹಕ್ಕಿಯ ವಾಸನೆಗೆ ನಿಲ್ಲುವುದನ್ನು ನಾವು ಕಲಿಸುವುದಿಲ್ಲ. ಅದು ಮರಿಯ ರಕ್ತದಲ್ಲೇ ಬಂದಿರುತ್ತದೆ. ಅದು ಕೆಡದಂತೆ ನೋಡಿಕೊಂಡು, ನಿಲ್ಲುವ ಹೊತ್ತನ್ನು ನಿಧಾನವಾಗಿ ಉದ್ದ ಮಾಡಿದರೆ ಸಾಕು. ತಂದುಕೊಡುವುದನ್ನು ಮಾತ್ರ ಕೂತು ಕಲಿಸಬೇಕು.

ನಿಲ್ಲುವುದು ಎಲ್ಲಿಂದ ಬಂತು

ಬೆಕ್ಕು ಗುಬ್ಬಿ ಹಿಡಿಯುವುದನ್ನು ನೋಡಿರುತ್ತೀರಿ. ಹೊಂಚು ಹಾಕುತ್ತದೆ, ಹೆಜ್ಜೆ ಹೆಜ್ಜೆ ಮುಂದೆ ಬರುತ್ತದೆ, ನೆಗೆಯುವ ಮುಂಚೆ ಒಂದು ಕ್ಷಣ ಗಟ್ಟಿಯಾಗಿ ನಿಲ್ಲುತ್ತದೆ. ತೋಳದಲ್ಲೂ ನಾಯಿಯಲ್ಲೂ ಆ ಕ್ಷಣ ಇದೆ. ಪಾಯಿಂಟರ್, ಸೆಟರ್ ತಳಿಗಳನ್ನು ಬೆಳೆಸಿದವರು ಆ ಕ್ಷಣ ಯಾವ ನಾಯಿಯಲ್ಲಿ ಜಾಸ್ತಿ ಉದ್ದವೋ ಅದರ ಮರಿಗಳನ್ನೇ ಆರಿಸುತ್ತ ಬಂದರು. ಹಾಗಾಗಿ ನೆಗೆತ ಹಿಂದೆ ಉಳಿಯಿತು, ನಿಲುವು ಬೆಳೆಯಿತು. ಸೆಟರ್ ನಾಯಿಗಳು ಹಿಂದೆ ಹಕ್ಕಿಯ ಮುಂದೆ ನೆಲಕ್ಕೆ ಕುಗ್ಗುತ್ತಿದ್ದವು. ಬೇಟೆಗಾರರು ಅವುಗಳ ತಲೆಯ ಮೇಲಿಂದಲೇ ಬಲೆ ಬೀಸುತ್ತಿದ್ದರು.

ಲ್ಯಾಬ್ರಡಾರ್‌ನ ಕಥೆ ಬೇರೆ. ಅದರ ಹಿರಿಯರು ನ್ಯೂಫೌಂಡ್‌ಲ್ಯಾಂಡ್‌ನ ಮೀನುಗಾರರ ನಾಯಿಗಳು. ನೀರಿಗೆ ಧುಮುಕಿ ಬಲೆಯ ಹಗ್ಗ, ತಪ್ಪಿಸಿಕೊಂಡ ಮೀನು ಎಳೆದು ತರುತ್ತಿದ್ದವು. ಆದ್ದರಿಂದ ಲ್ಯಾಬ್ ಮರಿಗೆ ಬಾಯಲ್ಲಿ ಏನಾದರೂ ಹಿಡಿದು ತರುವುದೇ ಖುಷಿ. ಅದು ಹಕ್ಕಿಗೆ ನಿಲ್ಲದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಎರಡೂ ಕೆಲಸ ಮಾಡಲಿ ಎಂದೇ ಬೆಳೆಸಿದ ತಳಿಯೂ ಇದೆ, ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಮ್ಮ ಮುಧೋಳ ನಾಯಿ ಕಣ್ಣಿನ ನಾಯಿ. ದೂರದಲ್ಲಿ ಓಡುವುದನ್ನು ಕಂಡು ಬೆನ್ನು ಹತ್ತುವುದು ಅದರ ಗುಣ. ಅದಕ್ಕೆ ಈ ಪಾಠ ಹೇರಿದರೆ ನಾಯಿಗೂ ಕಷ್ಟ, ನಿಮಗೂ ಕಷ್ಟ.

ಹೊಲಕ್ಕೆ ಇಳಿಯುವ ಮೊದಲು

ಇಲ್ಲಿ ನಾನು ಸ್ವಲ್ಪ ಖಡಾಖಂಡಿತವಾಗಿ ಮಾತಾಡುತ್ತೇನೆ. ನಮ್ಮಲ್ಲಿ ಕಾಡುಹಕ್ಕಿ ಬೇಟೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಬಲೆ ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಗೂಡು ಮೊಟ್ಟೆ ಕೆಣಕುವುದು ಎಲ್ಲವೂ ಅದರೊಳಗೇ ಬರುತ್ತದೆ. ನಾಯಿ ಬಿಟ್ಟು ಗೌಜಲಕ್ಕಿ ಓಡಿಸಿದರೂ ತಪ್ಪೇ.

ಕಾನೂನು ಇರಲಿ, ನಮ್ಮ ನೆಲದ ಮಾತೇ ಬೇರೆ ಇದೆ. ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇಡೀ ರಾಜ್ಯದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವುದು ಇದೇ ಸಿರುಗುಪ್ಪದ ಬಯಲಿನಲ್ಲಿ. ಅದು ನೆಲದ ಮೇಲೆ ಮೊಟ್ಟೆ ಇಡುತ್ತದೆ, ಹೆಚ್ಚಾಗಿ ಒಂದೇ ಮೊಟ್ಟೆ. ಒಂದು ನಾಯಿ ಒಂದು ಬೆಳಗ್ಗೆ ಆ ಕಡೆ ಓಡಿದರೆ ಎಷ್ಟು ನಷ್ಟ ಯೋಚಿಸಿ. ಗೌಜಲಕ್ಕಿ, ಲಾವಕ್ಕಿ, ಟಿಟ್ಟಿಭ ಎಲ್ಲವೂ ನೆಲದಲ್ಲೇ ಗೂಡು ಮಾಡುತ್ತವೆ. ಹುಲ್ಲುಗಾವಲು, ಕುರುಚಲು, ಗಂಗಾವತಿ ಕಡೆಯ ಬಂಕಾಪುರದ ತೋಳಧಾಮದಂಥ ಜಾಗ, ಇವುಗಳ ಹತ್ತಿರವೂ ನಾಯಿ ಬೇಡ. ಪರಿಚಯದವರ ಕೊಯ್ದ ಹೊಲ, ಅವರ ಒಪ್ಪಿಗೆ, ಕೈಯಲ್ಲಿ ಉದ್ದ ಹಗ್ಗ. ಇಷ್ಟಿದ್ದರೆ ಸಾಕು. ಪಾಠಕ್ಕೆ ಬೇಕಾದ ರೆಕ್ಕೆ ಕೋಳಿ ಅಂಗಡಿಯಲ್ಲೇ ಸಿಗುತ್ತದೆ. ಜವಾರಿ ಕೋಳಿ ರೆಕ್ಕೆಯನ್ನು ಒಣಗಿಸಿ ಇಟ್ಟುಕೊಂಡೆ. ಮುತ್ತು ಕಲಿತದ್ದೆಲ್ಲ ಅದರ ಮೇಲೇ.

ಮಾತು ಆರಿಸಿಕೊಳ್ಳುವುದು

ಇದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ನನಗೆ ಎರಡು ತಿಂಗಳು ದಂಡವಾಯಿತು. ಮೊದಲು ಕರೆಯುವುದಕ್ಕೆ 'ಬಾ', ತರುವುದಕ್ಕೆ 'ತಾ' ಅಂತ ಇಟ್ಟುಕೊಂಡಿದ್ದೆ. ನಮಗೆ ಇವು ಬೇರೆ ಬೇರೆ ಮಾತು. ಹತ್ತು ಮಾರು ದೂರದಲ್ಲಿ, ಗಾಳಿಯಲ್ಲಿ, ಮರಿಯ ಕಿವಿಗೆ ಎರಡೂ ಬರೀ 'ಆ'. ಮರಿ ನಾನು ಎಸೆದ ಬಟ್ಟೆಯ ಗೊಂಬೆ ಎತ್ತಲು ಹೋಗಿ ಅರ್ಧಕ್ಕೆ ವಾಪಸ್ ಬರುತ್ತಿತ್ತು. ನಾನು ಅದನ್ನೇ ಗದರುತ್ತಿದ್ದೆ. ತಪ್ಪು ನನ್ನದಾಗಿತ್ತು. ಆಮೇಲೆ ಬದಲಾಯಿಸಿದೆ. ಕರೆಯುವುದಕ್ಕೆ 'ಬಾ', ನಿಲ್ಲುವುದಕ್ಕೆ 'ನಿಂದ್ರು', ಹಿಡಿಯುವುದಕ್ಕೆ 'ಎತ್ತು', ಬಿಟ್ಟುಕೊಡುವುದಕ್ಕೆ 'ಕೊಡು'. ಒಂದರ ದನಿ ಇನ್ನೊಂದಕ್ಕೆ ಹೋಲುವುದಿಲ್ಲ. ಮರಿಗೆ ಹೆಸರಿಡುವಾಗಲೂ ಇದನ್ನು ನೋಡಿ. ಬಾದಲ್ ಅಂತ ಹೆಸರಿಟ್ಟರೆ ಪ್ರತಿ ಸಲ ಹೆಸರು ಕೂಗಿದಾಗಲೂ ಅರ್ಧ 'ಬಾ' ಅಂದ ಹಾಗೆ ಆಗುತ್ತದೆ, ಅಲ್ವಾ?

ಮನೆಯವರೆಲ್ಲ ಅದೇ ಮಾತು ಆಡಬೇಕು. ಅವ್ವ 'ನಿಲ್ಲು', ತಮ್ಮ 'ಸ್ಟಾಪ್', ನಾನು 'ನಿಂದ್ರು' ಅಂದರೆ ಮರಿ ಯಾರ ಮಾತನ್ನೂ ಕೇಳುವುದಿಲ್ಲ. ಗೋಡೆಗೆ ಒಂದು ಚೀಟಿ ಅಂಟಿಸಿದೆ, ಸರಿ ಹೋಯಿತು.

ರೆಕ್ಕೆ ಆಟ ಮತ್ತು ಗಾಳಿ

ಎಂಟು ವಾರಕ್ಕೆ ಮರಿ ಮನೆಗೆ ಬರುತ್ತದೆ. ಲಸಿಕೆಗಳು ಮುಗಿಯುವ ತನಕ, ಅಂದರೆ ಸುಮಾರು ನಾಲ್ಕು ತಿಂಗಳವರೆಗೆ, ಬೀದಿ ನಾಯಿಗಳು ಓಡಾಡುವ ಜಾಗಕ್ಕೆ ಬಿಡಬೇಡಿ. ಪಾರ್ವೋ ಎಂಬ ವೈರಸ್ ರೋಗ ಬಂದರೆ ಮರಿ ಉಳಿಯುವುದು ಕಷ್ಟ. ಅಲ್ಲಿಯವರೆಗೆ ಅಂಗಳವೇ ಶಾಲೆ.

ಬಿದಿರು ಕೋಲಿಗೆ ದಾರ, ದಾರದ ತುದಿಗೆ ರೆಕ್ಕೆ. ಮರಿಯ ಮುಂದೆ ರೆಕ್ಕೆ ಕುಣಿಸಿ ನೆಲಕ್ಕೆ ಇಳಿಸಿ. ಮರಿ ನುಗ್ಗುತ್ತದೆ, ನೀವು ಎತ್ತಿಬಿಡಿ. ಮತ್ತೆ ಇಳಿಸಿ. ನಾಲ್ಕೈದು ಸಲ ಹೀಗೆ ಆದ ಮೇಲೆ, ನುಗ್ಗಿದರೆ ಸಿಗುವುದಿಲ್ಲ ಎಂದು ಮರಿಗೆ ಹೊಳೆಯುತ್ತದೆ. ಒಂದು ಕಾಲು ಮೇಲಕ್ಕೆತ್ತಿ, ಬಾಲ ನೆಟ್ಟಗೆ ಮಾಡಿ ನಿಂತುಬಿಡುತ್ತದೆ. ಮುತ್ತು ಮೊದಲ ಸಲ ನಿಂತಾಗ ನನ್ನ ಕಣ್ಣಲ್ಲಿ ನೀರು ಬಂತು. ಆ ಮೈನಡುಕ ನೋಡಿಯೇ ತಿಳಿಯಬೇಕು.

ಒಂದು ಎಚ್ಚರಿಕೆ: ರೆಕ್ಕೆ ಒಂದು ಸಲವೂ ಬಾಯಿಗೆ ಸಿಗಬಾರದು. ಸಿಕ್ಕರೆ ನುಗ್ಗಿದರೂ ಸಿಗುತ್ತದೆ ಎಂಬ ಪಾಠವೇ ಗಟ್ಟಿಯಾಗುತ್ತದೆ. ಇನ್ನೊಂದು, ಈ ಆಟ ಜಾಸ್ತಿ ಆಡಬಾರದು. ಇದು ಕಣ್ಣಿಗೆ ನಿಲ್ಲುವ ಆಟ. ನಮಗೆ ಬೇಕಾದದ್ದು ಮೂಗಿಗೆ ನಿಲ್ಲುವುದು. ವಾರಕ್ಕೆ ಒಂದೆರಡು ಸಲ, ಎರಡು ನಿಮಿಷ, ಅಷ್ಟೇ. ಮರಿ ಸ್ವಲ್ಪ ದೊಡ್ಡದಾದ ಮೇಲೆ ನಿಲ್ಲಿಸಿಬಿಡಿ.

ಆಮೇಲೆ ವಾಸನೆ. ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ರೆಕ್ಕೆ ಹಾಕಿ ಜೋಳದ ಕೂಳೆಯ ನಡುವೆ ಮುಚ್ಚಿಡಿ. ಒಂದು ಹಿಡಿ ಸಣ್ಣ ಮಣ್ಣು ಎತ್ತಿ ಉದುರಿಸಿ ಗಾಳಿ ಯಾವ ಕಡೆಯದು ನೋಡಿ. ಗಾಳಿ ಡಬ್ಬಿಯ ಕಡೆಯಿಂದ ಮರಿಯ ಮುಖಕ್ಕೆ ಬೀಸುತ್ತಿರಬೇಕು. ವಾಸನೆ ಮೊರದ ಹಾಗೆ ಹರಡುತ್ತದೆ, ಡಬ್ಬಿಯ ಹತ್ತಿರ ಕಿರಿದು, ದೂರಕ್ಕೆ ಹೋದಷ್ಟೂ ಅಗಲ. ಮರಿಯನ್ನು ಹಗ್ಗದಲ್ಲಿ ಎಡಕ್ಕೆ ಬಲಕ್ಕೆ ನಡೆಸುತ್ತ ಹೋದರೆ ಒಂದು ಕಡೆ ಅದರ ತಲೆ ತಟ್ಟನೆ ತಿರುಗುತ್ತದೆ. ಅಲ್ಲಿಂದ ನೀವು ಬಾಯಿ ಮುಚ್ಚಿಕೊಂಡಿರಬೇಕು. 'ನಿಂದ್ರು' ಅಂತಲೂ ಅನ್ನಬಾರದು. ಮೂಗು ಕೆಲಸ ಮಾಡುವಾಗ ಮಾತು ಬಿದ್ದರೆ ಮರಿ ಗೊಂದಲಕ್ಕೆ ಬೀಳುತ್ತದೆ. ಗದರಿದರಂತೂ ಹಕ್ಕಿ ವಾಸನೆ ಅಂದರೆ ಬೈಗುಳ ಅಂತ ಅಂದುಕೊಂಡು, ವಾಸನೆ ಬಂದರೂ ಬಾರದ ಹಾಗೆ ಪಕ್ಕಕ್ಕೆ ಹೋಗುವ ಚಾಳಿ ಹಿಡಿಯುತ್ತದೆ. ಆ ಚಾಳಿ ಬಿಡಿಸುವುದು ತುಂಬಾ ಕಷ್ಟ.

ನಿಂತ ಮರಿಯ ಹತ್ತಿರ ಮೆಲ್ಲಗೆ ಹೋಗಿ. ಬೆನ್ನ ಮೇಲೆ ಕೈಯಾಡಿಸಿ. ಹಿಂದಿನಿಂದ ಎರಡು ಬೆರಳಲ್ಲಿ ಸ್ವಲ್ಪ ಮುಂದಕ್ಕೆ ನೂಕಿ. ಮರಿ ಮುಂದೆ ಹೋಗುವುದಿಲ್ಲ, ಬದಲಿಗೆ ಕಾಲೂರಿ ಹಿಂದಕ್ಕೆ ಒತ್ತುತ್ತದೆ, ಇನ್ನೂ ಗಟ್ಟಿಯಾಗುತ್ತದೆ. ಹಗ್ಗ ಹಿಂದಕ್ಕೆ ಜಗ್ಗಿದರೆ ಮಾತ್ರ ಮುಂದಕ್ಕೆ ನುಗ್ಗುತ್ತದೆ. ಎತ್ತಿಗೂ ನಾಯಿಗೂ ಇದು ಒಂದೇ, ಜಗ್ಗಿದ ಕಡೆಗೆ ಎದುರು. ಒಂದು ಬೆಳಗ್ಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ಬದುವಿನ ಮೇಲೆ ನಿಂತು ನೋಡಿದರು. 'ಏನ್ ತಮ್ಮಾ, ನಾಯಿ ಕಲ್ಲಾಗಿ ನಿಂತೈತಲ್ಲಪಾ' ಅಂದರು. 'ಹೌದು ತಾತ, ಇನ್ನೊಂದ್ಚೂರು ನಿಲ್ಲಲಿ' ಅಂದೆ. ತಮ್ಮ ಕುರಿಗಳನ್ನು ಅವರು ಆ ಕಡೆ ಬರದಂತೆ ತಿರುಗಿಸಿಕೊಂಡು ಹೋದರು. ಆ ಉಪಕಾರ ನೆನಪಿದೆ.

'ನಿಂದ್ರು' ಎಂಬ ಮಾತನ್ನು ಹೊಲದಲ್ಲಿ ಕಲಿಸಬೇಡಿ. ಮನೆಯಲ್ಲಿ, ಊಟದ ತಟ್ಟೆಯ ಮುಂದೆ, ಹೊಸ್ತಿಲಲ್ಲಿ, ಒಂದು ಹಲಗೆಯ ಮೇಲೆ ನಿಲ್ಲಿಸಿ ಕಲಿಸಿ. ಮೊದಲು ಮೂರು ಎಣಿಸುವಷ್ಟು, ಆಮೇಲೆ ಹತ್ತು.

ತಂದುಕೊಡುವುದು

ಇದಕ್ಕೆ ಅತ್ಯಂತ ಒಳ್ಳೆಯ ಜಾಗ ಮನೆಯ ಉದ್ದನೆಯ ಪಡಸಾಲೆ. ಎರಡೂ ಕಡೆ ಗೋಡೆ, ಕೊನೆಯಲ್ಲಿ ಮುಚ್ಚಿದ ಬಾಗಿಲು. ಕಾಲುಚೀಲ ಸುತ್ತಿ ಉಂಡೆ ಮಾಡಿ ಎಸೆಯಿರಿ. ಮರಿ ಎತ್ತಿಕೊಂಡರೆ ವಾಪಸ್ ಬರಲು ಒಂದೇ ದಾರಿ, ನೀವು ಕೂತಿರುವ ಕಡೆ. ಬಂದ ಕೂಡಲೇ ಬಾಯಿಂದ ಕಿತ್ತುಕೊಳ್ಳಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಬಾಯಲ್ಲಿ ಇರಲಿ ಬಿಡಿ. ಕಿವಿ ಹಿಂದೆ ಕೆರೆಯಿರಿ, ಎದೆ ಸವರಿ, ಜಾಣ ಅನ್ನಿ. ಆಮೇಲೆ ಮೆಲ್ಲಗೆ 'ಕೊಡು'. ದಿನಕ್ಕೆ ಮೂರು ಸಲ ಸಾಕು. ಮರಿ ಇನ್ನೊಂದು ಬೇಕು ಅಂತ ಕಣ್ಣಲ್ಲಿ ಕೇಳುತ್ತಿರುವಾಗಲೇ ಉಂಡೆಯನ್ನು ಮೇಲೆ ಎತ್ತಿಡಿ.

ಮುತ್ತು ಮೂರು ತಿಂಗಳಿದ್ದಾಗ ನನ್ನ ಚಪ್ಪಲಿ ಕಚ್ಚಿಕೊಂಡು ಖುಷಿಯಿಂದ ನನ್ನ ಬಳಿಗೇ ತಂದಿತ್ತು. ನಾನು ಬೈದೆ, ಕಿತ್ತುಕೊಂಡೆ. ಮರುದಿನದಿಂದ ಕಾಲುಚೀಲ ಎತ್ತಿಕೊಂಡರೂ ಎರಡು ಮಾರು ದೂರದಲ್ಲೇ ನಿಂತು ನನ್ನ ಮುಖ ನೋಡುತ್ತಿತ್ತು. ಅದರ ಲೆಕ್ಕದಲ್ಲಿ ತಂದುಕೊಟ್ಟಿದ್ದಕ್ಕೆ ಬೈಗುಳ ಬಿದ್ದಿತ್ತು. ಸರಿ ಮಾಡಲು ಮೂರು ವಾರ ಬೇಕಾಯಿತು. ದಿನವೂ ನೆಲದ ಮೇಲೆ ಕೂತು, ಬೆನ್ನು ತಿರುಗಿಸಿ, ಅದಾಗಿ ಬರುವ ತನಕ ಕಾದೆ. ಮರಿ ಏನೇ ತಂದರೂ, ಹೊಸ ಚಪ್ಪಲಿಯೇ ಆಗಲಿ, ಮೊದಲು ಹೊಗಳಿ. ಚಪ್ಪಲಿಯನ್ನು ಎತ್ತರಕ್ಕೆ ಇಡುವುದು ನಮ್ಮ ಕೆಲಸ.

ಮರಿ ಎತ್ತಿಕೊಂಡು ಆಚೆ ಓಡಿದರೆ ಬೆನ್ನಟ್ಟಬೇಡಿ. ನೀವೇ ಇನ್ನೊಂದು ಕಡೆ ಓಡಿ, ಅದು ನಿಮ್ಮ ಹಿಂದೆ ಬರುತ್ತದೆ. ಎಳೆದಾಟ ಆಡಬೇಡಿ, ಬಾಯಿ ಗಟ್ಟಿಯಾಗುತ್ತದೆ, ಅಂದರೆ ಹಿಡಿದದ್ದನ್ನು ಕಚ್ಚಿ ಹಿಚುಕುವ ಚಾಳಿ ಬರುತ್ತದೆ. ಕಟ್ಟಿಗೆ ತುಂಡು ಎಸೆಯಬೇಡಿ, ಗಂಟಲಿಗೆ ಚುಚ್ಚಿದರೆ ಅಪಾಯ. ಬಟ್ಟೆಯ ಗೊಂಬೆ ಒಳ್ಳೆಯದು. ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬೀಳುತ್ತವೆ, ವಸಡು ನೋಯುತ್ತದೆ. ಆಗ ಈ ಪಾಠಕ್ಕೆ ರಜೆ ಕೊಡಿ. ಬಾಯಲ್ಲಿ ಬಿಗಿಯಾಗಿ, ಅಗಿಯದೆ ಹಿಡಿದುಕೊಳ್ಳುವ ಅಭ್ಯಾಸವನ್ನು ಗಟ್ಟಿ ಹಲ್ಲು ಬಂದ ಮೇಲೆ ಶುರು ಮಾಡಿ.

ತಿಂಡಿ ಕೊಟ್ಟು ಗೊಂಬೆ ಬಿಡಿಸಬಹುದೇ ಎಂದು ಕೆಲವರು ಕೇಳುತ್ತಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ತಿಂಡಿ ವಾಸನೆ ಬಂದ ಕೂಡಲೇ ಮರಿ ದೂರದಲ್ಲೇ ಗೊಂಬೆ ಉಗುಳಿ ಬರುತ್ತದೆ. ಹೊಗಳಿಕೆ ಮತ್ತು ಮುಂದಿನ ಎಸೆತ, ಇವೇ ಅದರ ಕೂಲಿ.

ಸದ್ದು, ಬಿಸಿಲು, ಮುಳ್ಳು

ಮರಿ ದಸರಾ ಹೊತ್ತಿಗೆ ಬಂದರೆ ಹಿಂದೆಯೇ ದೀಪಾವಳಿ ಪಟಾಕಿ. ಆ ಸಂಜೆ ಒಳಕೋಣೆಯಲ್ಲಿ ಇರಿಸಿಕೊಂಡು ಜೊತೆಗೆ ಕೂತಿರಿ. ಹೊಲದಲ್ಲೂ ಗಿಳಿ ಓಡಿಸಲು ತಗಡು ಬಡಿಯುತ್ತಾರೆ, ಕವಣೆ ಬೀಸುತ್ತಾರೆ. ಸದ್ದಿಗೆ ಮರಿಯನ್ನು ದೂರದಿಂದ ಒಗ್ಗಿಸಬೇಕು. ಊಟ ಹಾಕುವಾಗ ಎರಡು ಕೋಣೆ ಆಚೆ ತಟ್ಟೆ ಬಡಿಯಿರಿ. ದಿನ ಕಳೆದಂತೆ ಹತ್ತಿರ ಬನ್ನಿ.

ಬಳ್ಳಾರಿ, ರಾಯಚೂರು ಬಿಸಿಲು ಗೊತ್ತೇ ಇದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಮೈ ತಣ್ಣಗಾಗಬೇಕು. ಅಂಗೈ ಹಿಂಭಾಗವನ್ನು ನೆಲಕ್ಕೆ ಒತ್ತಿ ಐದು ಎಣಿಸಿ. ತಾಳಲಾಗದಿದ್ದರೆ ಮರಿಯ ಪಾದಕ್ಕೂ ತಾಳುವುದಿಲ್ಲ. ಏಳು ಗಂಟೆಯೊಳಗೆ ಪಾಠ ಮುಗಿಸಿ. ಇಬ್ಬನಿ ಇರುವ ಹೊತ್ತಿಗೆ ವಾಸನೆಯೂ ನೆಲ ಹಿಡಿದು ನಿಲ್ಲುತ್ತದೆ. ಎರೆಮಣ್ಣು ಒಣಗಿ ಕಾದ ಮೇಲೆ ಎಂಥ ಮೂಗಿಗೂ ಕಷ್ಟ.

ಮುಳ್ಳಿನ ಕಾಟ ಬೇರೆ. ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಪ್ರತಿ ಬದುವಿನಲ್ಲೂ ಇದೆ. ಜೊತೆಗೆ ನೆಗ್ಗಿಲ ಮುಳ್ಳು, ಉತ್ತರಾಣಿ, ಚೂಪಾದ ಜೋಳದ ಕೂಳೆ, ಕಾಲು ಸಿಕ್ಕಿಕೊಳ್ಳುವ ಬಿರುಕು. ಮನೆಗೆ ಬಂದ ಕೂಡಲೇ ಬೆರಳ ಸಂದು, ಕಿವಿ, ಕಂಕುಳು ನೋಡಿ. ಉಣ್ಣಿಯೂ ಅಲ್ಲೇ ಕೂತಿರುತ್ತದೆ. ಚಿಮಟ ಜೇಬಿನಲ್ಲೇ ಇರಲಿ.

ಎರಡನ್ನೂ ಜೋಡಿಸುವುದು

ವರ್ಷ ತುಂಬುವ ಹೊತ್ತಿಗೆ ಎರಡು ಪಾಠ ಒಂದಾಗಬೇಕು. ಮರಿ ಡಬ್ಬಿಯ ವಾಸನೆಗೆ ನಿಂತಿದೆ. ನೀವು ಅದರ ಪಕ್ಕದಿಂದ ಸುತ್ತಿ ಮುಂದೆ ಹೋಗಿ ಗೊಂಬೆ ಎಸೆಯುತ್ತೀರಿ. ಅದು ಅಲುಗಬಾರದು. ವಾಪಸ್ ಬಂದು, ಪಕ್ಕದಲ್ಲಿ ನಿಂತು, ಹತ್ತು ಎಣಿಸಿ, ಹೆಸರು ಹಿಡಿದು 'ಎತ್ತು' ಅಂದ ಮೇಲೆ ಹೋಗಬೇಕು. ಇಲ್ಲಿ ಬಹಳ ಮರಿಗಳು ಜಾರುತ್ತವೆ. ಎಸೆದದ್ದೆಲ್ಲ ತನ್ನದೇ ಎಂದು ಗೊತ್ತಾದರೆ ನಿಲ್ಲುವುದಕ್ಕೆ ಮನಸ್ಸು ಬರುವುದಿಲ್ಲ, ಗೊಂಬೆ ಗಾಳಿಯಲ್ಲಿರುವಾಗಲೇ ಓಟ. ಆದ್ದರಿಂದ ನಾಲ್ಕು ಗೊಂಬೆ ಎಸೆದರೆ ಮೂರನ್ನು ನಾನೇ ನಡೆದು ಹೋಗಿ ಎತ್ತಿಕೊಂಡು ಬರುತ್ತೇನೆ. ಮುತ್ತು ನಿಂತಲ್ಲೇ ನಿಂತು ಕಣ್ಣಲ್ಲೇ ನನ್ನ ಹಿಂದೆ ಬರುತ್ತದೆ. ನಾಲ್ಕನೆಯದು ಅದರದ್ದು.