ಒರೆಗೆ ಹಾಕುವುದು, ಒರೆಗೆ ಹಚ್ಚುವುದು

ಮೊನ್ನೆ ಒಂದು ಟ್ಯಾಕ್ಟಿಕಲ್ ಚಾಕುವಿನ ವಿಮರ್ಶೆ ಓದುತ್ತಿದ್ದೆ. ಮಡಚುವ ಚಾಕು ಅಲ್ಲ, ಒರೆ, ಅಂದರೆ ಅಲಗನ್ನು ತೂರಿಸಿ ಇಡುವ ಕವಚ, ಇರುವಂಥದ್ದು. ‘ಓರೆಗೆ ಹಚ್ಚಿದಾಗ ಟಕ್ ಅಂತ ಒಳಗೆ ಕೂತಿತು’ ಎಂದು ಬರೆದಿದ್ದರು. ಅದಕ್ಕೂ ಮೊದಲು ಇನ್ನೊಬ್ಬರು ಚಾಕುವನ್ನು ಒರೆಗೆ ಹಚ್ಚಿ ಹರಿತ ಮಾಡಿದ್ದರು. ಮತ್ತೊಬ್ಬರು ಮಕ್ಕಳ ಬುದ್ಧಿಯನ್ನೇ ಒರೆಗೆ ಹಚ್ಚಿ ಚುರುಕುಗೊಳಿಸಿದ್ದರು. ಇನ್ನು ಸುಮ್ನಿರೋದು ಕಷ್ಟ.

ಸುಲಭದ್ದು ಮೊದಲು ಮುಗಿಸಿಬಿಡೋಣ. ಓರೆ ಅಂದರೆ ಸೊಟ್ಟ. ಓರೆಗಣ್ಣು, ಓರೆಕೋರೆ ಇವೆಲ್ಲ ಆ ಕಡೆಯವು. ಹರಿತ ಮಾಡಬೇಕಿದ್ದರೆ ಸಾಣೆ ಹಿಡಿಯಬೇಕು.

ತಕರಾರು ಇರುವುದು ಒರೆಯಲ್ಲಿ. ಅದು ಒಂದು ಪದ ಅಲ್ಲ, ಎರಡು: ಕತ್ತಿ ಇಡುವ ಒರೆ ಒಂದು, ಉಜ್ಜಿ ನೋಡುವ ಒರೆ ಇನ್ನೊಂದು. ಹಳೆಗನ್ನಡದಲ್ಲಿ ಕತ್ತಿಯ ಒರೆಯನ್ನು ‘ಒಱೆ’ ಎಂದು ಶಕಟರೇಫ, ಅಂದರೆ ಹಳೆಯ ಱ ಅಕ್ಷರ, ಹಾಕಿ ಬರೆಯುತ್ತಿದ್ದರು. ಉಜ್ಜುವ ಒರೆಗೆ ಮಾಮೂಲಿ ರ. ಆಮೇಲೆ ಱ ಬಳಕೆ ತಪ್ಪಿತು, ಎರಡಕ್ಕೂ ಒಂದೇ ವೇಷ ಬಂತು. ತಮಿಳರು ಈಗಲೂ ಬೇರೆ ಬೇರೆಯಾಗಿಯೇ ಬರೆಯುತ್ತಾರೆ. ಕತ್ತಿಯದು ಉಱೈ, ಉಜ್ಜುವುದು ಉರೈ. ಕತ್ತಿಯ ಒರೆಗೆ ತೆಲುಗಿನಲ್ಲೂ ಒಬ್ಬ ತಂಗಿ ಇದ್ದಾಳೆ, ಒರ.

ಉಜ್ಜುವ ಒರೆಯ ಸಂಸಾರ ದೊಡ್ಡದು. ಮೇಜು ಒರೆಸುತ್ತೇವಲ್ಲ, ಅದೂ ಈ ಮನೆಯದೇ. ಅಕ್ಕಸಾಲಿಗರ ಕಪ್ಪು ಕಲ್ಲು ಒರೆಗಲ್ಲು. ಬಳೆಯನ್ನು ಅದಕ್ಕೆ ಉಜ್ಜಿದರೆ ಹಳದಿ ಗೆರೆ ಬೀಳುತ್ತದೆ. ಪಕ್ಕದಲ್ಲಿ, ಎಷ್ಟು ಶುದ್ಧ ಅಂತ ಮೊದಲೇ ಗೊತ್ತಿರುವ ಚಿನ್ನದ ಗೆರೆ ಎಳೆಯುತ್ತಾರೆ. ಎರಡರ ಮೇಲೂ ಆಸಿಡ್ ಹನಿಸುತ್ತಾರೆ. ಬೆರಕೆ ಜಾಸ್ತಿ ಇದ್ದ ಗೆರೆ ಮೊದಲು ಮಾಸುತ್ತದೆ. ಒರೆಗೆ ಹಚ್ಚುವುದು ಅಂದರೆ ಇಷ್ಟೇ, ಪರೀಕ್ಷೆ. ಬಳೆಗೆ ಅಲ್ಲಿ ಹೊಳಪೇನೂ ಬರುವುದಿಲ್ಲ, ಕೂದಲೆಳೆಯಷ್ಟು ಸವೆಯುತ್ತದೆ. ಬುದ್ಧಿ ಚುರುಕುಗೊಳಿಸುವವರು ದಯವಿಟ್ಟು ಗಮನಿಸಿ.

ಕತ್ತಿಯ ಒರೆಗೆ ಹೊಂದುವ ಮಾತುಗಳೇ ಬೇರೆ: ಒರೆಗೆ ಹಾಕು, ಒರೆಗೆ ಸೇರಿಸು, ಒರೆಯಿಂದ ಹಿರಿ. ಹಿರಿದ ಮೇಲೆ ಅದು ಬಿಚ್ಚುಗತ್ತಿ. ಚಿತ್ರದುರ್ಗದ ಪಾಳೆಗಾರ ಭರಮಣ್ಣನಾಯಕನ ಹೆಸರಿನ ಹಿಂದೆ ಅಂಟಿಕೊಂಡಿರುವುದು ಅದೇ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪುಟ್ಟ ಪೀಚೆಕತ್ತಿಗೆ ಬೆಳ್ಳಿ ಕೆಲಸದ ಒರೆ ಇರುತ್ತದೆ. ಅವರದೇ ಅಗಲ ಅಲಗಿನ ಒಡಿಕತ್ತಿಗೆ ಮಾತ್ರ ಒರೆ ಇಲ್ಲ. ಅದು ಬೆನ್ನ ಹಿಂದೆ ತೋಡಂಗ್ ಎಂಬ ಹಿತ್ತಾಳೆಯ ಕೊಕ್ಕೆಯಲ್ಲಿ ಬಿಚ್ಚಾಗಿಯೇ ನಿಲ್ಲುತ್ತದೆ. ಇನ್ನು, ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು ಅನ್ನುವವರು ಗೂರ್ಖಾಗಳ ಖುಕ್ರಿಯನ್ನು ಬಿಡಿಸಿ ನೋಡಿಲ್ಲ. ಅದರ ಒರೆಯಲ್ಲಿ ದೊಡ್ಡ ಅಲಗಿನ ಜೊತೆ ಎರಡು ಪುಟ್ಟವು ಇರುತ್ತವೆ. ಕರ್ದಾ ಹರಿತ. ಚಕ್‌ಮಕ್ ಮೊಂಡು, ಖುಕ್ರಿಯ ಬಾಯಿ ಸರಿಮಾಡುವುದಕ್ಕೆ. ಅಂದರೆ ಒರೆಯೊಳಗೇ ಸಾಣೆ! ಗೊಂದಲ ಮಾಡಿಕೊಳ್ಳುವವರಿಗೆ ಇನ್ನೇನು ಬೇಕು.

ಹಾಗಾದರೆ ಚಾಕುವನ್ನು ಒರೆಗೆ ಹಚ್ಚಲೇಬಾರದಾ? ಪರೀಕ್ಷೆ ಮಾಡಿದ್ದರೆ ಧಾರಾಳವಾಗಿ ಬರೆಯಿರಿ. ಒರೆಯನ್ನೂ ಒರೆಗೆ ಹಚ್ಚಬೇಕು, ಅದನ್ನೇ ಜನ ಮರೆಯುವುದು. ಅಮೆರಿಕದ ಮರೀನ್ ಪಡೆ 1942ರಲ್ಲಿ ಒಪ್ಪಿಕೊಂಡ, ಕಾಬಾರ್ ಎಂದೇ ಹೆಸರಾದ ಚಾಕುವಿಗೆ 7 ಇಂಚಿನ ಅಲಗು, ಚರ್ಮದ ಒರೆ. ನೋಡಲು ಚೆಂದ. ಆದರೆ ಚರ್ಮ ತೇವ ಹಿಡಿಯುತ್ತದೆ. ಕಾರ್ಬನ್ ಉಕ್ಕಿನ ಅಲಗನ್ನು ಮಲೆನಾಡಿನ ಮಳೆಗಾಲದಲ್ಲಿ ಅದರೊಳಗೇ ಬಿಟ್ಟರೆ ತುಕ್ಕು ಗ್ಯಾರಂಟಿ. ಈಗ ಹೆಚ್ಚಾಗಿ ಬರುವುದು ಕೈಡೆಕ್ಸ್, ಬಿಸಿ ಮಾಡಿ ಚಾಕುವಿನ ಆಕಾರಕ್ಕೇ ಒತ್ತಿದ ಪ್ಲಾಸ್ಟಿಕ್. ಇದಕ್ಕೆ ತೇವದ ಕಾಟ ಇಲ್ಲ. ಚಾಕು ಹಾಕಿ, ಒರೆಯನ್ನು ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿ. ಕೆಳಗೆ ದಪ್ಪ ಬಟ್ಟೆ ಇರಲಿ, ಕಾಲು ದೂರ ಇರಲಿ. ಬಿದ್ದರೆ ಆ ಒರೆ ಬೇಡ. ಲೊಡಲೊಡ ಅಂದರೂ ನನಗಂತೂ ಬೇಡ. ತುದಿಯಲ್ಲಿ ನೀರು ಇಳಿಯಲು ತೂತು ಇದೆಯಾ ನೋಡಿ.

ನನ್ನ ಚಾಕುವಿನ ಒರೆಯಲ್ಲಿ ಹೊಳೆಯ ಮರಳು ಸೇರಿಕೊಂಡಿತ್ತು, ಗೊತ್ತಾಗಲಿಲ್ಲ. ದಿನಾ ತೆಗೆದು ಹಾಕಿ ಅಲಗಿನ ಕಪ್ಪು ಲೇಪದ ಮೇಲೆ ಉದ್ದುದ್ದ ಬಿಳಿ ಗೆರೆ ಬಿದ್ದಿವೆ. ಆ ದಿನಗಳಲ್ಲಿ ಮಾತ್ರ ಒರೆಗೆ ಹಾಕಿದ್ದೂ ಹಚ್ಚಿದ್ದೂ ಒಂದೇ ಆಗಿತ್ತು.