ಸೂತ್ರ ಸರಿ, ಕೋನ ಎಷ್ಟು ಸರಿ?

ಗದಗದ ಕಡೆ ಹೋದವರು ಗಾಳಿಯಂತ್ರಗಳನ್ನು ನೋಡಿಯೇ ಇರುತ್ತೀರಿ. ಧಾರವಾಡದಲ್ಲಿ ನಾನು ಕಲಿಸುವ 10ನೇ ತರಗತಿ ಮಕ್ಕಳಿಗೆ ತ್ರಿಕೋನಮಿತಿಯ ಮೊದಲ ಲೆಕ್ಕ ಅದರದ್ದೇ. ಬುಡದಿಂದ 100 ಮೀಟರ್ ದೂರ ನಿಂತಾಗ ಕಂಬದ ತುದಿಯ ಉನ್ನತ ಕೋನ 39 ಡಿಗ್ರಿ ಇದ್ದರೆ ಎತ್ತರ 81 ಮೀಟರ್. ಕೋನ ಒಂದು ಡಿಗ್ರಿ ತಪ್ಪಿದರೆ ಎತ್ತರ ಮೂರು ಮೀಟರ್ ತಪ್ಪುತ್ತದೆ, ಅಷ್ಟೇ.

ಇದೇ ಸೈನ್, ಕಾಸ್ ಹಿಡಿದು ಆಕಾಶಕ್ಕೆ ಹೊರಟರೆ ಆ ಒಂದು ಡಿಗ್ರಿ ಚೆನ್ನಾಗಿ ಆಟ ಆಡಿಸುತ್ತದೆ.

ಕ್ರಿ.ಪೂ. 3ನೇ ಶತಮಾನದ ಗ್ರೀಕ್ ಖಗೋಳಜ್ಞ ಅರಿಸ್ಟಾರ್ಕಸ್‌ನ ಉಪಾಯ ನೋಡಿ. ಚಂದ್ರ ಸರಿಯಾಗಿ ಅರ್ಧ ಕಾಣುವಾಗ ಭೂಮಿ, ಚಂದ್ರ, ಸೂರ್ಯ ಸೇರಿ ಲಂಬಕೋನ ತ್ರಿಭುಜ ಆಗುತ್ತದೆ. 90 ಡಿಗ್ರಿ ಇರುವುದು ಚಂದ್ರನ ಮೂಲೆಯಲ್ಲಿ. ನಮ್ಮ ಮೂಲೆಯ ಕೋನವನ್ನು ಅವನು 87 ಎಂದು ಹಿಡಿದ. ಕ್ಯಾಲ್ಕುಲೇಟರ್ ತೆಗೆದು 1ನ್ನು ಕಾಸ್ 87ರಿಂದ ಭಾಗಿಸಿ. 19 ಬಂತಾ? ಸೂರ್ಯ ಚಂದ್ರನಿಗಿಂತ 19 ಪಟ್ಟು ದೂರ ಎಂದಾಯಿತು. (ಪಾಪ, ಅವನ ಬಳಿ ಕಾಸ್ ಟೇಬಲ್ಲೂ ಇರಲಿಲ್ಲ. ಬರೀ ರೇಖಾಗಣಿತದಲ್ಲೇ 18ರಿಂದ 20ರ ನಡುವೆ ಎಂದು ಹೇಳಿದ್ದ.) ಈಗ 88 ಹಾಕಿ, 29 ಬರುತ್ತದೆ. 89ಕ್ಕೆ 57. ನಿಜವಾದ ಕೋನ ಸುಮಾರು 89.85, ಅದಕ್ಕೆ 382! ಕೋನ ಮೂರು ಡಿಗ್ರಿಯೂ ತಪ್ಪಿಲ್ಲ, ಉತ್ತರ ಮಾತ್ರ 20 ಪಟ್ಟು ಕಡಿಮೆ. ಚಂದ್ರ ಯಾವ ಕ್ಷಣಕ್ಕೆ ಸರಿಯಾಗಿ ಅರ್ಧ ಆದ ಎಂದು ಕಣ್ಣಳತೆಯಲ್ಲಿ ಹೇಳುವುದೂ ಕಷ್ಟ ಅಲ್ವಾ?

ಮಕ್ಕಳಿಗೆ ನಾನು ಜಾಸ್ತಿ ಕೊಡುವುದು ಶುಕ್ರನ ಲೆಕ್ಕ. ಸಂಜೆ ಹುಬ್ಬಳ್ಳಿಯ ನೃಪತುಂಗ ಬೆಟ್ಟದಿಂದ ಪಡುವಣಕ್ಕೆ ನೋಡಿದರೆ, ಅವನು ಸೂರ್ಯನಿಂದ ಹೆಚ್ಚೆಂದರೆ 47 ಡಿಗ್ರಿ ಆಚೆ ಹೋಗುತ್ತಾನೆ, ಆಮೇಲೆ ಹಿಂದೆ ಸರಿಯುತ್ತಾನೆ. ಆ ಗರಿಷ್ಠ ಹಂತದಲ್ಲಿ ನಮ್ಮ ನೋಟದ ಗೆರೆ ಶುಕ್ರನ ಕಕ್ಷೆಗೆ ಸ್ಪರ್ಶಕ. ಹಾಗಾಗಿ ಲಂಬಕೋನ ಶುಕ್ರನ ಹತ್ತಿರ, ವಿಕರ್ಣ ಭೂಮಿ–ಸೂರ್ಯರ ದೂರ. ಭೂಮಿ–ಸೂರ್ಯರ ದೂರವನ್ನು 1 ಎಂದು ಹಿಡಿದರೆ, ಸೂರ್ಯನಿಂದ ಶುಕ್ರನ ದೂರ ಆ ಕೋನದ ಸೈನ್ ಅಷ್ಟೇ. ಸೈನ್ 46 ಅಂದರೆ 0.72, ಸೈನ್ 47 ಅಂದರೆ 0.73. ಒಂದು ಡಿಗ್ರಿ ತಪ್ಪಿದರೂ ಉತ್ತರ ಶೇ 2ರಷ್ಟೂ ಅಲುಗಾಡಲ್ಲ. ಕೋಪರ್ನಿಕಸ್‌ಗೆ ಸಿಕ್ಕಿದ್ದೂ 0.72ರ ಆಸುಪಾಸೇ. ಟೆಲಿಸ್ಕೋಪ್ ಹುಟ್ಟುವ ಮೊದಲೇ!

ನಕ್ಷತ್ರಗಳ ವಿಷಯದಲ್ಲಿ ತ್ರಿಭುಜ ಆರಿಸುವ ಸ್ವಾತಂತ್ರ್ಯ ನಮಗಿಲ್ಲ. ಪಾದ ಭೂಮಿ–ಸೂರ್ಯರ ನಡುವಿನ ಸುಮಾರು 15 ಕೋಟಿ ಕಿಲೋಮೀಟರ್, ಅಷ್ಟೇ. ಆರು ತಿಂಗಳ ಅಂತರದಲ್ಲಿ ನಕ್ಷತ್ರ ಎಷ್ಟು ಸರಿದಂತೆ ಕಂಡಿತು ಎಂದು ನೋಡಿ, ಅದರ ಅರ್ಧವನ್ನು ಕೋನವಾಗಿ ಹಿಡಿಯಬೇಕು. 1838ರಲ್ಲಿ ಜರ್ಮನ್ ಖಗೋಳಜ್ಞ ಬೆಸೆಲ್ 61 ಸಿಗ್ನಿ ನಕ್ಷತ್ರಕ್ಕೆ ಅಳೆದದ್ದು 0.31 ಆರ್ಕ್‌ಸೆಕೆಂಡ್. ಡಿಗ್ರಿಯ 3600ನೇ ಒಂದು ಭಾಗ ಆರ್ಕ್‌ಸೆಕೆಂಡ್, ಅದರಲ್ಲೂ ಮೂರನೇ ಒಂದು ಪಾಲು! ಇಂದಿನ ಅಳತೆ 0.286, ದೂರ 11.4 ಬೆಳಕಿನ ವರ್ಷ. ಬೆಸೆಲ್‌ಗೆ ಸಿಕ್ಕಿದ್ದು ಅದಕ್ಕಿಂತ ಒಂದು ಬೆಳಕಿನ ವರ್ಷದಷ್ಟು ಕಡಿಮೆ.